ಸುನಿತಾಳ ಕೊಸರಿನ ಸುತ್ತು

ನನ್ನ ಅಂಗಡಿಯ ಮುಂದಿನ ಮೊಳೆಗಳಿಗೆ ಐದಾರು ಸ್ಪ್ರೇಯರ್ ಕ್ಯಾನುಗಳು ನೇತಾಡುತ್ತಿವೆ. ಬೆನ್ನಿಗೆ ಕಟ್ಟಿಕೊಂಡು, ಒಂದು ಕೈಯಲ್ಲಿ ಹಿಡಿ ಒತ್ತುತ್ತ, ಇನ್ನೊಂದು ಕೈಯಲ್ಲಿ ಗದ್ದೆಗೆ ಮದ್ದು ಹೊಡೆಯುವಂಥವು. ಹಿಂದೆಲ್ಲ ನಾಟಿ ಮುಗಿದ ಮೇಲೆ ಅವು ಮೊಳೆಯಲ್ಲಿ ನಿಲ್ಲುತ್ತಿರಲಿಲ್ಲ. ಈಗ ಅವುಗಳ ದೂಳು ಕೊಡವುವುದು ನನ್ನ ಬೆಳಗಿನ ಕೆಲಸಗಳಲ್ಲೊಂದಾಗಿದೆ. ಗುಬ್ಬಚ್ಚಿಯೊಂದು ನೀಲಿ ಕ್ಯಾನಿನ ಪಟ್ಟಿಯ ಸಂದಿಯಲ್ಲಿ ಗೂಡು ಕಟ್ಟಲು ನೋಡಿತು. ಗಿರಾಕಿ ಬಂದರೆ ತೊಂದರೆಯಾದೀತೆಂದು ಓಡಿಸಿದೆ. ಗಿರಾಕಿ ಬರಲಿಲ್ಲ, ಗುಬ್ಬಚ್ಚಿಯೂ ಮತ್ತೆ ಬರಲಿಲ್ಲ.

ಇದಕ್ಕೆ ಕಾರಣಳಾದವಳ ಬಗ್ಗೆ ನಾನು ಒಳ್ಳೆಯ ಮಾತು ಬರೆಯುತ್ತಿದ್ದೇನೆಂದು ತಿಳಿದರೆ ಪಾಂಡವಪುರದ ಬೇರೆ ಗೊಬ್ಬರದಂಗಡಿಯವರು ನನಗೆ ಅರಳುಮರಳು ಎಂದಾರು. ಅನ್ನಲಿ. ವ್ಯಾಪಾರ ಬಲ್ಲವರನ್ನು ಕಂಡರೆ ಮೆಚ್ಚದೆ ಇರುವುದು ನನ್ನಿಂದಾಗದು, ಆ ವ್ಯಾಪಾರ ನನ್ನ ಹೊಟ್ಟೆಯ ಮೇಲೆಯೇ ನಡೆದಿದ್ದರೂ.

ಅವಳು ಸುನಿತಾ. ತವರು ಕೆ.ಆರ್. ಪೇಟೆ ಕಡೆಯ ಅಕ್ಕಿಹೆಬ್ಬಾಳು. ಹೇಮಾವತಿಯ ನೀರು ಕುಡಿದು ಬೆಳೆದು, ತೊಣ್ಣೂರು ಕೆರೆಯ ಕೆಳಗಿನ ಹಳ್ಳಿಯೊಂದಕ್ಕೆ ಸೊಸೆಯಾಗಿ ಬಂದವಳು. ಗಂಡ ಮಂಜುನಾಥ ಹಾಲಿನ ವ್ಯಾನು ಓಡಿಸುತ್ತಾನೆ. ಮಾತು ಕಡಿಮೆ, ಹಾರನ್ನು ಜಾಸ್ತಿ. ಮದುವೆಯಾಗಿ ಬಂದ ಒಂದೆರಡು ವರ್ಷಕ್ಕೇ ಸುನಿತಾ ಆ ಊರಿನ ನಾಟಿ ಹೆಂಗಸರ ಗುಂಪಿಗೆ ಮುಂದಾಳಾದಳು. ಬೇರೆ ಗುಂಪಿನವರು ಮಾತು ಬಿಟ್ಟ ಓರಗಿತ್ತಿಯರನ್ನು ದೂರ ದೂರ ನಿಲ್ಲಿಸಿದರೆ ಇವಳು ಬೇಕೆಂದೇ ಪಕ್ಕಪಕ್ಕದಲ್ಲಿ ನಿಲ್ಲಿಸುತ್ತಿದ್ದಳು. ಒಬ್ಬಳಿಗಿಂತ ಒಬ್ಬಳು ಮುಂದೆ ಹೋಗಬೇಕೆಂಬ ಹಟದಲ್ಲಿ ಇಬ್ಬರೂ ತಲೆಯೆತ್ತದೆ ಪೈರು ನೆಡುತ್ತಿದ್ದರು, ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಗದ್ದೆ ಮುಗಿಯುತ್ತಿತ್ತು. ಇದನ್ನು ಅವಳಿಗೆ ಯಾವ ಮ್ಯಾನೇಜರೂ ಹೇಳಿಕೊಟ್ಟದ್ದಲ್ಲ.

ಆದರೆ ಹತ್ತಾರು ವರ್ಷ ಕೆಸರಿನಲ್ಲಿ ಬಗ್ಗಿ ನಿಂತ ಸೊಂಟ ಒಂದು ದಿನ ಬಗ್ಗಿದಲ್ಲೇ ನಿಂತುಬಿಟ್ಟಿತು. ಮಂಡ್ಯದ ಡಾಕ್ಟರು ಎಕ್ಸ್‌ರೇ ಫಿಲಂ ನೋಡಿ, ಇನ್ನು ಮೇಲೆ ಬಗ್ಗುವ ಕೆಲಸ ಮಾಡಬೇಡ ಎಂದರು. ಬಗ್ಗದೆ ಮಾಡುವ ಗದ್ದೆ ಕೆಲಸ ಯಾವುದು ಎಂಬುದನ್ನು ಅವರು ಚೀಟಿಯಲ್ಲಿ ಬರೆಯಲಿಲ್ಲ.

ಅದೇ ಹೊತ್ತಿಗೆ ಅವರ ಮಹಿಳಾ ಸಂಘಕ್ಕೆ ಮದ್ದು ಹೊಡೆಯುವ ಡ್ರೋನ್ ಬಂತು. ಹಾರಿಸುವವಳು ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಊರು ಬಿಟ್ಟು ಎರಡು ವಾರ ತರಬೇತಿಗೆ ಹೋಗಬೇಕು. ಪಾಸಾದವರಿಗೆ ಹೋಗುವ ಮನಸ್ಸಿಲ್ಲ, ಮನಸ್ಸಿದ್ದವರು ಪಾಸಾಗಿಲ್ಲ. ಎರಡೂ ಇದ್ದವಳು ಸುನಿತಾ ಒಬ್ಬಳೇ. ಹೋದಳು, ಕಲಿತಳು, ಲೈಸೆನ್ಸು ತಂದಳು. ಗೂಡ್ಸ್ ಆಟೋದ ಕಲೀಂ ಆ ಯಂತ್ರವನ್ನು ಹಾಸಿಗೆಯ ಮೇಲೆ ಮಲಗಿಸಿಕೊಂಡು ಊರಿಗೆ ತಂದ. ಅತ್ತೆ ಜಯಲಕ್ಷ್ಮಮ್ಮ ಅರಿಶಿನ ಕುಂಕುಮ ಹಚ್ಚಿದರು. ಆಮೇಲೆ ನಿಂಬೆಹಣ್ಣು ಹಿಡಿದುಕೊಂಡು ಯಂತ್ರದ ಸುತ್ತ ಒಂದು ಬಾರಿ ಬಂದು ನಿಂತರು.

"ಇದ್ಕೆ ಚಕ್ರವೇ ಇಲ್ವಲ್ಲ ಮಗ, ನಿಂಬೆಅಣ್ಣು ಎಲ್ಲಿಗಿಕ್ಕನ?"

"ಅಮ್ಮಾ, ನನ್ ಆಟೋ ಚಕ್ರಕ್ಕೆ ಇಟ್ಬುಡಿ," ಎಂದ ಕಲೀಂ. "ಬರ್ಕತ್ ಎಲ್ಲಾರ್ಗೂ ಸೇರ್ತದೆ."

ಹೀಗೆ ಡ್ರೋನಿನ ಪೂಜೆ ಕಲೀಮನ ಆಟೋಗೆ ನಡೆಯಿತು.

ಹಾರಿದ ಮೊದಲ ದಿನ ಇಡೀ ಊರು ಬದುವಿನ ಮೇಲಿತ್ತು. ಆರು ರೆಕ್ಕೆ ಗಿರಗಿರ ತಿರುಗಿ, ಗದ್ದೆಯ ಮೇಲೆ ಆಳೆತ್ತರದಲ್ಲಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಹೋಗಿ ಬಂದು, ಹತ್ತು ನಿಮಿಷದಲ್ಲಿ ಒಂದು ಎಕರೆ ಮುಗಿಸಿ ಕಾಲ ಬುಡದಲ್ಲಿ ಇಳಿಯಿತು. ಎಲ್ಲರೂ ಬೆರಗಾದರು. ಬೆರಗಾದವರಲ್ಲಿ ಒಬ್ಬನೂ ನಮ್ಮ ಗದ್ದೆಗೆ ಬಾ ಎನ್ನಲಿಲ್ಲ.

ತೊಂದರೆ ಇದ್ದದ್ದು ಆ ಹತ್ತು ನಿಮಿಷದಲ್ಲೇ. ಊರಿನಲ್ಲಿ ಮದ್ದು ಹೊಡೆಯುತ್ತಿದ್ದವನು ಜವರಯ್ಯ. ಎಡಗಾಲು ಸ್ವಲ್ಪ ಎಳೆದು ಹಾಕುವ ಗಟ್ಟಿ ಮುದುಕ. ಬೆನ್ನಿಗೆ ಕ್ಯಾನು ಏರಿಸಿ ಗದ್ದೆಗಿಳಿದರೆ ಬೆಳಿಗ್ಗೆಯಿಂದ ಸಂಜೆಯವರೆಗೆ. ಅಂಗಿ ಒದ್ದೆ, ಮೈ ನಾತ, ಮಧ್ಯೆ ಎರಡು ಸಲ ಕಾಫಿ, ಒಂದು ಸಲ ಮುದ್ದೆ. ದುಡ್ಡು ಕೊಡುವವನಿಗೆ ಅದು ಕಣ್ಣಿಗೆ ಕಾಣುವ ಕೆಲಸ. ಸುನಿತಾ ಕೇಳಿದ ಕೂಲಿ ಜವರಯ್ಯನದಕ್ಕಿಂತ ಕಡಿಮೆಯೇ. ಆದರೂ, "ಅತ್ತು ನಿಮಿಷಕ್ಕಾ?" ಎಂದು ಎಲ್ಲರೂ ಹುಬ್ಬೇರಿಸಿದರು.

ಜವರಯ್ಯ ಟೀ ಅಂಗಡಿಯ ಬೆಂಚಿನ ಮೇಲೆ ಕೂತು ತೀರ್ಪು ಕೊಟ್ಟ: "ಬೆನ್ನು ತೇವ ಆಗ್ದಿದ್ ಮ್ಯಾಲೆ ಅದೆಂತ ಕೆಲ್ಸವ್ಲಾ? ಅದು ಮದ್ದು ಒಡಿತದೋ, ಮದ್ವೆ ಮನೇಲಿ ಪನ್ನೀರು ಚಿಮುಕಿಸ್ತದೋ?"

ಸಂಘಗಳ ಒಕ್ಕೂಟದ ಅಧ್ಯಕ್ಷೆ ಶ್ವೇತ ಪಾಂಡವಪುರದಿಂದ ಬಂದು ನೋಡಿದರು. ಯಂತ್ರ ಜಯಲಕ್ಷ್ಮಮ್ಮನ ನಡುಮನೆಯಲ್ಲಿ ರಾಗಿ ಮೂಟೆಯ ಪಕ್ಕ ಹೊದಿಕೆ ಹೊದ್ದು ಮಲಗಿತ್ತು.

"ನೋಡು ಸುನಿತಾ, ಈ ಬೆಳೆ ಮುಗಿಯೋದ್ರೊಳಗೆ ಇದು ನಾಲ್ಕು ಜನದ ಗದ್ದೆ ಮೇಲೆ ಹಾರ್ಬೇಕು. ಇಲ್ಲದಿದ್ರೆ ಬೇರೆ ಸಂಘಕ್ಕೆ ಕೊಡ್ಬೇಕಾಗ್ತದೆ. ಅಕ್ಕಿಹೆಬ್ಬಾಳಿನವರು ಕೇಳ್ತಾವ್ರೆ."

ಅಕ್ಕಿಹೆಬ್ಬಾಳು! ಯಂತ್ರ ಹೋದರೆ ಸುನಿತಾ ಮತ್ತೆ ಕೆಸರಿನಲ್ಲಿ ಬಗ್ಗಬೇಕು. ಅದಲ್ಲದೆ ಆ ಯಂತ್ರ ಅವಳ ತವರಿಗೇ ಹೋಗಿ, ಜೊತೆಯಲ್ಲಿ ಓದಿದವರು ಅದನ್ನು ಹಾರಿಸುವುದನ್ನು ಹಬ್ಬಕ್ಕೆ ಹೋದಾಗ ನೋಡಬೇಕು. ಸೊಂಟದ ನೋವಿಗೆ ಮಾತ್ರೆಯಾದರೂ ಇದೆ.

ಅವಳು ಸೀದಾ ಹೋದದ್ದು ಸಿದ್ದರಾಜುವಿನ ಮನೆಗೆ. ನಾಲೆಯ ಪಕ್ಕದಲ್ಲಿ ಒಳ್ಳೆಯ ಗದ್ದೆ ಇರುವವನು, ಅವನು ಮಾಡಿದ್ದನ್ನು ಊರು ಮಾಡುತ್ತದೆ. ಭತ್ತಕ್ಕೆ ಎಲೆ ಸುರುಳಿ ಹುಳು ಬಿದ್ದಿತ್ತು. ಜವರಯ್ಯ ಬೇರೆ ಕಡೆ ಒಪ್ಪಿಕೊಂಡಿದ್ದ. ಸಿದ್ದರಾಜು ದೊಡ್ಡ ಮನಸ್ಸು ಮಾಡಿ ಎರಡು ಎಕರೆಗೆ ಹೂಂ ಎಂದ. ಬದುವಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಫ್ಲಾಸ್ಕಿನಲ್ಲಿ ಕಾಫಿ ತರಿಸಿಕೊಂಡು, ಬೀಗರ ಮನೆಯ ಮದುವೆ ನೋಡಲು ಬಂದವನಂತೆ ಕೂತ. ಲೋಟಕ್ಕೆ ಬಗ್ಗಿಸಿದ ಕಾಫಿ ಆರಲು ಬಿಟ್ಟು ಅದೂ ಇದೂ ಮಾತಾಡುವಷ್ಟರಲ್ಲಿ ಯಂತ್ರ ಇಳಿಯಿತು.

"ಯಾಕವ್ವ, ಕೆಟ್ಟೋಯ್ತಾ?"

"ಇಲ್ಲ ಕಣಣ್ಣ. ಮುಗೀತು."

"ಮುಗೀತಾ? ನಾನಿನ್ನೂ ಕಾಪಿ ಕುಡ್ದಿಲ್ಲ ಕಣವ್ವ." ಸಿದ್ದರಾಜು ಗದ್ದೆಯನ್ನೂ ಲೋಟವನ್ನೂ ನೋಡಿದ. "ಇನ್ನೊಂದು ಸುತ್ತು ಬಂದ್ಬುಡ್ಲಿ."

"ಇನ್ನೊಂದು ಸುತ್ತು ಒಡುದ್ರೆ ಗರಿ ಸುಟ್ಟೋಯ್ತದೆ. ಮದ್ದು ಅಳತೆಗೆ ಆಕಿರದು."

"ಮದ್ದು ಬ್ಯಾಡ ಬುಡು. ಸುಮ್ಕೆ ಖಾಲಿನಾದ್ರೂ ಒಂದು ಸಲ ತಿರುಗ್ಸು. ಕಣ್ಣಿಗೊಂದು ಸಮಾಧಾನ."

"ಬ್ಯಾಟ್ರಿ ದಂಡ ಅಲ್ವಾ ಅಣ್ಣ," ಎಂದು ಸುನಿತಾ ರೆಕ್ಕೆ ಮಡಚಿ ಆಟೋಗೆ ಏರಿಸಿದಳು.

ಅವಳು ಹೇಳಿದ್ದರಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ. ವ್ಯಾಪಾರದಲ್ಲಿ ಇದಕ್ಕಿಂತ ಅಪಾಯದ ಸ್ಥಿತಿ ಇನ್ನೊಂದಿಲ್ಲ: ನಾವು ಪೂರ್ತಿ ಸರಿ, ಗಿರಾಕಿಗೆ ತೃಪ್ತಿಯಿಲ್ಲ.

ಮಾರನೆಯ ದಿನ ಸಿದ್ದರಾಜು ನನ್ನ ಅಂಗಡಿಗೆ ಬಂದು ಅದೇ ಮದ್ದಿನ ಇನ್ನೊಂದು ಬಾಟಲಿ ತೆಗೆದುಕೊಂಡ. "ಬಾಮೈದನ ಗದ್ದೆಗೆ ಸಾವ್ಕಾರ್ರೆ," ಎಂದ. ಅವನ ಬಾಮೈದ ನಾಗಮಂಗಲದವನು, ಅವನಿಗಿರುವುದು ತೆಂಗಿನ ತೋಟ, ಭತ್ತ ಅವನು ನೋಡುವುದು ತಟ್ಟೆಗೆ ಬಂದಮೇಲೆಯೇ ಎಂಬುದು ನನಗೆ ಹೊಳೆದದ್ದು ಸಿದ್ದರಾಜುವಿನ ಬೈಕು ತಿರುವು ದಾಟಿದ ಮೇಲೆ.

ವಾರ ಕಳೆಯುವುದರೊಳಗೆ ಆ ಎರಡು ಎಕರೆಯ ಗರಿಗಳು ತುದಿಯಿಂದ ಕೆಂಪಗಾಗಿ, ಬೆಂಕಿಗೆ ಹಿಡಿದಂತೆ ಸುರುಟಿಕೊಂಡವು. ಸಿದ್ದರಾಜು ಊರೆಲ್ಲ ಹೇಳಿಕೊಂಡು ಬಂದ: ಡ್ರೋನ್ ಮದ್ದು ಬೆಳೆ ಸುಟ್ಟಿತು. ಶ್ವೇತರಿಗೂ ಸುದ್ದಿ ಮುಟ್ಟಿತು. ಬೆಳೆ ಮುಗಿಯುವವರೆಗೆ ಕಾಯುವ ಮಾತು ಹೋಯಿತು. ಗುರುವಾರ ಬೆಳಿಗ್ಗೆ ತಾವೇ ಬಂದು ಯಂತ್ರ ತೆಗೆದುಕೊಂಡು ಹೋಗುವುದಾಗಿ ಫೋನು ಮಾಡಿದರು.

ಬುಧವಾರ ಸುನಿತಾ ನನ್ನ ಅಂಗಡಿಗೆ ಬಂದಳು. ನಾನೊಬ್ಬ ಗಿರಾಕಿಗೆ ಕಡಲೆಕಾಯಿ ಹಿಂಡಿ ತೂಗುತ್ತಿದ್ದೆ. ತೂಕ ಸರಿಯಾದ ಮೇಲೆ ಮಾಮೂಲಿನಂತೆ ಒಂದು ಹಿಡಿ ಚೀಲಕ್ಕೆ ಕೊಸರು ಹಾಕಿದೆ. ಆತ ತಕ್ಕಡಿಯನ್ನು ನೋಡಲೇ ಇಲ್ಲ, ನನ್ನ ಹಿಡಿಯನ್ನು ಮಾತ್ರ ನೋಡಿ ನಗುತ್ತ ಹೋದ.

"ಅಣ್ಣ, ತೂಕ ಸರಿ ಇದ್ರೂ ಕೊಸರು ಆಕ್ಬೇಕಾ?" ಎಂದಳು.

"ತೂಕ ಸರಿ ಇದ್ರೆ ಹಾಕ್ಲೇಬೇಕು ಕಣಮ್ಮ. ಇಲ್ಲದಿದ್ರೆ ಸರಿ ಇದೆ ಅಂತ ಯಾರು ನಂಬ್ತಾರೆ?"

ಅವಳು ಆ ಹಿಂಡಿ ಚೀಲ ಹೋದ ದಾರಿಯನ್ನೇ ಸ್ವಲ್ಪ ಹೊತ್ತು ನೋಡುತ್ತ ನಿಂತಳು. ಆಮೇಲೆ ನಾನೇ ಎರಡನೆಯ ಬಾಟಲಿಯ ವಿಷಯ ತೆಗೆದೆ.

"ಗೊತ್ತು ಕಣಣ್ಣ," ಎಂದಳು. "ಗದ್ದೆ ಸುತ್ತಿ ಬಂದೆ. ಸಾಲಿನ ಮಧ್ಯೆ ಉದ್ದಕ್ಕೂ ಎಜ್ಜೆ ಗುರ್ತು ಅದೆ. ನನ್ ಮಿಸಿನ್ಗೆ ಕಾಲಿಲ್ಲ."

"ನಾಳೆ ಬೆಳಿಗ್ಗೆ ಡೈರಿಗೆ ಬೂಸ ಇಳಿಸೋಕೆ ನಾನೂ ಬರ್ತೀನಿ. ಬೇಕಾದ್ರೆ ನಾಲ್ಕು ಜನದ ಮುಂದೆ ಹೇಳ್ತೀನಿ."

"ಬ್ಯಾಡ ಅಣ್ಣ. ನೀವ್ ಏಳುದ್ರೆ ನಿಮ್ ಗಿರಾಕಿ ಓಯ್ತಾನೆ. ನನ್ ಗಿರಾಕಿಯಂತೂ ಬರಾಕಿಲ್ಲ."

ಒಂದೇ ಮಾತಿನಲ್ಲಿ ಎರಡು ಅಂಗಡಿಯ ಲಾಭನಷ್ಟ ನೋಡಿದಳು. ನಾನು ಬಾಯಿ ಮುಚ್ಚಿಕೊಂಡೆ.

ಅವಳನ್ನು ಕರೆದುಕೊಂಡು ಬಂದಿದ್ದವನು ಕಲೀಂ. ಮುಂದಿನದನ್ನು ಆಮೇಲೆ ಅವನೇ ನನಗೆ ಹೇಳಿದ. ಅಲ್ಲಿಂದ ಅವಳು ಆಟೋವನ್ನು ಜವರಯ್ಯನ ಮನೆಯ ಮುಂದೆ ನಿಲ್ಲಿಸಿದಳಂತೆ. ಮುದುಕ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ.

"ಜವರಣ್ಣ, ಸಿದ್ದರಾಜಣ್ಣನ ಗದ್ದೆಲಿ ಎಜ್ಜೆ ಅದೆ."

"ಊರಲ್ಲಿ ಎಲ್ಲಾರ್ಗೂ ಕಾಲವೆ."

"ಎಡಗಾಲು ಎಳ್ದಾಕೋರು ಎಷ್ಟು ಜನ?"

ಜವರಯ್ಯ ಎಲೆ ಮಡಚಿ ಬಾಯಿಗಿಟ್ಟುಕೊಂಡ. ಅದನ್ನು ನುಣ್ಣಗೆ ಅಗಿದ. ಆಮೇಲೆ, "ಕರುದ್ರು, ಓದೆ. ಕೆಲ್ಸ ಬ್ಯಾಡ ಅನ್ನಾಕೆ ನಾನೇನು ಸಾವ್ಕಾರನಾ?" ಎಂದ.

"ನಾನೇನು ನಿನ್ ಎಸ್ರು ಏಳಾಕಿಲ್ಲ. ನೀನೂ ಏಳ್ಬ್ಯಾಡ." ಸುನಿತಾ ಹೊರಟವಳು ಆಟೋ ಹತ್ತಿರ ನಿಂತು ತಿರುಗಿದಳು. "ಒಂದು ಮಾತು ಕಣಣ್ಣ. ಊರೋರು ಏನಂತಾವ್ರೆ ಗೊತ್ತಾ? ಜವರಯ್ಯನ ಮದ್ದು ಇಪ್ಪತ್ತು ವರ್ಷದಿಂದ ಉಳಕ್ಕೆ ಕಜ್ಜಿನೂ ತರ್ಸಿಲ್ವಂತೆ, ನನ್ ಮಿಸಿನ್ ಒಂದೇ ದಿನಕ್ಕೆ ಪೈರನ್ನೇ ಸುಡ್ತಂತೆ. ಎಂತ ಸಕ್ತಿ ಅಂತಾವ್ರೆ."

"ಜವರಯ್ಯ ಏನಂದ?" ಎಂದು ನಾನು ಕಲೀಮನನ್ನು ಕೇಳಿದೆ.

"ಏನಂತಾನೆ ಸಾಬ್? ಎಲೆಅಡಿಕೆ ಅಗಿಯೋದು ನಿಲ್ಸ್ಬುಟ್ಟ."

ಗುರುವಾರ ಬೆಳಿಗ್ಗೆ ನಾನು ಬೂಸದ ಮೂಟೆಗಳೊಂದಿಗೆ ಡೈರಿಯ ಮುಂದಿದ್ದೆ. ಹಾಲು ಹಾಕುವ ಹೊತ್ತು. ಕ್ಯಾನು, ಚೊಂಬು ಹಿಡಿದು ಊರಿನ ಅರ್ಧ ಜನ ಸಾಲಿನಲ್ಲಿದ್ದರು. ಜವರಯ್ಯ ಅರ್ಧ ಲೀಟರು ಹಾಲಿನ ಚೊಂಬು ಹಿಡಿದು ನಡುವೆ ಎಲ್ಲೋ ನಿಂತಿದ್ದ. ಶ್ವೇತ ಬಂದರು. ಸುನಿತಾ ಯಂತ್ರವನ್ನು ಒರೆಸಿ, ಬ್ಯಾಟರಿ ತುಂಬಿಸಿ, ಕಲೀಮನ ಆಟೋದಲ್ಲಿ ಇಟ್ಟುಕೊಂಡೇ ಬಂದಿದ್ದಳು. ಒಪ್ಪಿಸಿ ಕೈ ತೊಳೆದುಕೊಳ್ಳುವವಳಂತೆ ಕಾಣುತ್ತಿದ್ದಳು.

ಸಿದ್ದರಾಜು ಸುಟ್ಟ ಗರಿಗಳ ಒಂದು ಕಟ್ಟನ್ನೇ ತಂದಿದ್ದ. "ನೋಡಿ ಮೇಡಂ, ನೀವೇ ನೋಡಿ. ನಾನು ಯಾರ್ ಮ್ಯಾಲೂ ದ್ವೇಸ ಮಾಡೋನಲ್ಲ. ಆದ್ರೆ ಇಂಗಾದ್ರೆ ರೈತ ಬದುಕದೆಂಗೆ?"

"ಅಣ್ಣ," ಎಂದಳು ಸುನಿತಾ, ಪಾಠ ಒಪ್ಪಿಸುವ ಹುಡುಗಿಯ ದನಿಯಲ್ಲಿ, "ಅಂಗಾರೆ ಜವರಣ್ಣನ ಮದ್ದಿಗಿಂತ ನನ್ ಮಿಸಿನ್ ಮದ್ದು ಬಲ ಅಂತೀರಾ?"

"ಬಲ ಅಂದ್ರೆ ಬಲವೇ ಕಣವ್ವ. ಜವರಯ್ಯ ಒಡಿತಿದ್ದದ್ದು ಅದರ ಮುಂದೆ ಕಲಗಚ್ಚು. ಅವನ್ ಮದ್ದಿಗೆ ಉಳ ಮಕ್ಕಳು ಮರಿ ಮಾಡ್ಕಂಡು ಸುಖವಾಗಿರ್ತಿದ್ವು. ಇದು ನೋಡು, ಒಂದೇ ಏಟ್ಗೆ ಸುಟ್ಬುಡ್ತು."

"ಯಾವ್ದುಲಾ ಸುಟ್ಟಿದ್ದು?"

ಸಾಲು ತಿರುಗಿ ನೋಡಿತು. ಜವರಯ್ಯ ಎಡಗಾಲು ಎಳೆದುಕೊಂಡು ಮುಂದೆ ಬರುತ್ತಿದ್ದ. ಕೈಯಲ್ಲಿ ಚೊಂಬು ಅಲುಗಿ ಹಾಲು ಚೆಲ್ಲುತ್ತಿತ್ತು.

"ಯಾವ್ದು ಸುಟ್ಟಿದ್ದು ಅಂದೆ? ಆ ಮಿಸಿನ್ಗೆ ಎಲ್ಲಿಂದ ಬಂತುಲಾ ಆ ಸಕ್ತಿ? ಅದು ಒಡ್ದ ಮಾರನೇ ದಿನ ಕರೆಸ್ಕಂಡು, ಜವರಯ್ಯ, ಇದು ನಂಬಾಕಾಗಾಕಿಲ್ಲ, ನೀನೊಂದು ಕೈ ಒಡ್ದುಬುಡು ಅಂದೋನು ನೀನಲ್ವಾ? ಬದಿನಿಂದ ಬದಿನ್ ತಕ ಒಂದು ಬುಡ ಬುಡ್ದಂಗೆ ಒಡ್ದಿವ್ನಿ. ಅದನ್ನ ತಕ್ಕೊಂಡೋಗಿ ಮಿಸಿನ್ ಲೆಕ್ಕಕ್ಕೆ ಬರೀತಾವ್ನೆ. ಸುಟ್ಟಿದ್ದು ನನ್ ಕೈ ಕಣ್ಲಾ!"

ಹಿಂದಿನಿಂದ ಯಾರೋ ಕೇಳಿದರು: "ಏನ್ ಸಿದ್ದರಾಜಣ್ಣ, ಒಂದೇ ಪೈರಿಗೆ ಎರಡು ಸಲ ಊಟವಾ?"

ನಗು ಸಾಲಿನ ಉದ್ದಕ್ಕೂ ಹರಿಯಿತು. ಸಿದ್ದರಾಜು ಗರಿಯ ಕಟ್ಟನ್ನು ಬೆನ್ನ ಹಿಂದೆ ಇಟ್ಟುಕೊಂಡ. "ನಗ್ತೀರಲ್ಲ, ಅತ್ತು ನಿಮಿಷಕ್ಕೆ ನೀವ್ ನಂಬ್ತಿದ್ರಾ?" ಎಂದ. ನಂಬುತ್ತಿರಲಿಲ್ಲ; ಎಲ್ಲರೂ ಅದನ್ನೇ ಮಾಡುತ್ತಿದ್ದರು. ನನಗೆ ಆ ಮನುಷ್ಯನ ಮೇಲೆ ಸ್ವಲ್ಪ ಗೌರವವೇ ಹುಟ್ಟಿತು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಗೆದ್ದೆನೆಂದು ಮನೆಗೆ ಹೋಗುತ್ತಿದ್ದರು. ಸುನಿತಾ ಸಿದ್ದರಾಜುವಿನ ಹತ್ತಿರ ಹೋದಳು. "ಅಣ್ಣ, ಬುಡ ಅಸ್ರಾಗೇ ಅದೆ, ಬೆಳೆ ಓಗಿಲ್ಲ. ಗದ್ದೆ ನೀರು ಬಸ್ದು ಒಸ ನೀರು ಕಟ್ಟಿ. ಗರಿ ಮ್ಯಾಲಿರೋ ಮದ್ದು ನಾನು ಬರೀ ನೀರು ಒಡ್ದು ತೊಳ್ದುಕೊಡ್ತೀನಿ. ಕಾಸು ಬ್ಯಾಡ. ಕುರ್ಚಿ ತನ್ನಿ, ಕಾಪಿನೂ ತನ್ನಿ."

ಊರೆಲ್ಲ ಬದುವಿಗೆ ಬಂತು. ಶ್ವೇತರೂ ಬಂದರು, ನಾನೂ ಹೋದೆ. ಯಂತ್ರ ಬರೀ ನೀರು ತುಂಬಿಕೊಂಡು ಹಾರಿತು. ಈ ಸಲ ಅವಳಿಗೆ ಅವಸರವಿರಲಿಲ್ಲ. ಒಂದು ಸಲ ಉದ್ದಕ್ಕೆ, ಒಂದು ಸಲ ಅಡ್ಡಕ್ಕೆ, ಬ್ಯಾಟರಿ ಬದಲಾಯಿಸಿ ಮತ್ತೊಮ್ಮೆ ಬದುವಿನ ಅಂಚಿನ ಸುತ್ತ, ಸಿದ್ದರಾಜುವಿನ ಕುರ್ಚಿಯ ಮುಂದೆ ಒಂದಿಷ್ಟು ನಿಧಾನಿಸಿ. ತುಂತುರು ಹನಿ ಅವನ ಲೋಟಕ್ಕೂ ಬಿತ್ತು. ಅವನು ಲೋಟ ಖಾಲಿ ಮಾಡಿ ಕೆಳಗಿಟ್ಟು, "ಈಗ ಸರಿ," ಎಂದ. ಸುತ್ತ ನಿಂತವರೂ ತಲೆಯಾಡಿಸಿದರು. ಹುಳು ಸಾಯಿಸಿದಾಗ ನಂಬದವರು ಬರೀ ನೀರಿಗೆ ನಂಬಿದರು.

ಸುನಿತಾ ನನ್ನ ಕಡೆ ನೋಡಿದಳು. ಒಂದು ಹಿಡಿ ಹಿಂಡಿ ಹಾಕುವಂತೆ ಕೈ ಮಾಡಿ ತೋರಿಸಿದಳು.

ಯಂತ್ರ ಅಕ್ಕಿಹೆಬ್ಬಾಳಿಗೆ ಹೋಗಲಿಲ್ಲ. ಶ್ವೇತ ಹೊರಡುವ ಮೊದಲೇ ಆ ಬದುವಿನ ಮೇಲೆಯೇ ಐದಾರು ಜನ ತಮ್ಮ ಗದ್ದೆಗೆ ದಿನ ಕೇಳಿದ್ದರು. ಮೂರನೆಯ ವಾರಕ್ಕೆ ಸಿದ್ದರಾಜುವಿನ ಪೈರು ಹೊಸ ಗರಿ ಬಿಟ್ಟಿತು. ಅದು ತಾನು ಹೊಡೆಸಿದ ನೀರಿನ ಮಹಿಮೆ ಎಂದು ಅವನು ಇಂದಿಗೂ ಹೇಳುತ್ತಾನೆ. ಅವಳು ಅಲ್ಲಗಳೆಯುವುದಿಲ್ಲ.

ಆಮೇಲೆ ಅವಳು ಕಟ್ಟಿದ ವ್ಯಾಪಾರವನ್ನು ನೋಡಿಯೇ ನಾನು ಇದನ್ನು ಬರೆಯಲು ಕೂತದ್ದು. ಮದ್ದು ಹೊಡೆದ ಮೇಲೆ ಡ್ರೋನಿನ ಟ್ಯಾಂಕನ್ನು ಶುದ್ಧ ನೀರಿನಲ್ಲಿ ತೊಳೆಯಲೇಬೇಕು. ಇಲ್ಲವಾದರೆ ಮದ್ದು ಕಟ್ಟಿಕೊಂಡು ನಳಿಕೆ ಕೆಡುತ್ತದೆ. ಮೊದಲು ಆ ಕೆಲಸವನ್ನು ಮನೆಗೆ ಹೋಗಿ ಮಾಡುತ್ತಿದ್ದಳು. ಈಗ ಗಿರಾಕಿಯ ಗದ್ದೆಯಲ್ಲೇ ಒಂದಿಷ್ಟು ನೀರು ತುಂಬಿ, ಗದ್ದೆಯ ಸುತ್ತ ಒಂದು ಸುತ್ತು ಹಾರಿಸಿ, ಟ್ಯಾಂಕು ತೊಳೆದುಕೊಂಡು ಇಳಿಸುತ್ತಾಳೆ. ಅದಕ್ಕೆ ಕೊಸರು ಎಂದು ಹೆಸರಿಟ್ಟಿದ್ದಾಳೆ. ತನ್ನ ಪಾತ್ರೆ ತೊಳೆದ ನೀರನ್ನು ಕೊಸರೆಂದು ಕೊಟ್ಟು, ಅದಕ್ಕೆ ಕೈಮುಗಿಸಿಕೊಳ್ಳುವ ವ್ಯಾಪಾರಿಯನ್ನು ನಾನು ಮೈಸೂರಿನ ಸಂತೆಪೇಟೆಯಲ್ಲೂ ಕಂಡಿಲ್ಲ.

ಜವರಯ್ಯನನ್ನು ಜೊತೆಗೆ ಹಾಕಿಕೊಂಡಿದ್ದಾಳೆ. ಮದ್ದು ಕಲಸುವುದು ಅವನೇ. ಗದ್ದೆಯ ಆ ತುದಿಯಲ್ಲಿ ಕೆಂಪು ಬಾವುಟ ಹಿಡಿದು ನಿಲ್ಲುವುದೂ ಅವನೇ. ಬೆನ್ನು ಒಣಗಿದೆ, ಕೆಮ್ಮು ಇಳಿದಿದೆ, ಕೂಲಿ ಮೊದಲಿನಷ್ಟೇ. "ಮಿಸಿನ್ ಏನು, ಬರೀ ಒತ್ಕಂಡು ಓಯ್ತದೆ. ಮದ್ದು ನಂದು," ಎಂದು ಎಲ್ಲರಿಗೂ ಹೇಳುತ್ತಾನೆ. ಅವನು ಹಾಗೆ ಹೇಳುವುದರಿಂದಲೇ ಅರ್ಧ ಜನ ನಂಬುತ್ತಾರೆಂಬುದು ಸುನಿತಾಳಿಗೆ ಗೊತ್ತು. ಅದೂ ಅವಳ ಕೂಲಿ ಲೆಕ್ಕದಲ್ಲಿ ಸೇರಿದೆ.

ಅಂದು ಜವರಯ್ಯನನ್ನು ಕೆಣಕಿದ್ದು ಬೇಕೆಂದೇ ತಾನೇ ಎಂದು ಒಮ್ಮೆ ಕೇಳಿದೆ.

"ನಾನೇನು ಮಾಡ್ದೆ ಅಣ್ಣ? ಏಳ್ಬ್ಯಾಡ ಅಂತ್ಲೇ ಏಳಿ ಬಂದಿದ್ದೆ," ಎಂದಳು. ಓರಗಿತ್ತಿಯರನ್ನು ಪಕ್ಕಪಕ್ಕ ನಿಲ್ಲಿಸುತ್ತಿದ್ದವಳ ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

ಈಗ ಶ್ರೀರಂಗಪಟ್ಟಣದ ಕಡೆಯ ಕಬ್ಬಿನವರೂ ಕರೆಯುತ್ತಾರೆ. ಆಳೆತ್ತರ ಬೆಳೆದ ಕಬ್ಬಿನೊಳಗೆ ಕ್ಯಾನು ಹೊತ್ತು ನುಗ್ಗುವವರು ಯಾರೂ ಉಳಿದಿಲ್ಲ. ಯಂತ್ರ ಓಡಿಸುವುದನ್ನು ಅಕ್ಕಿಹೆಬ್ಬಾಳಿನ ಸಂಘದವರಿಗೆ ಕಲಿಸಿ ಬಾ ಎಂದು ಶ್ವೇತ ಕೇಳಿದ್ದಾರೆ. ತವರಿಗೆ ಹೋಗಲು ಅವಳು ಹೊಸ ಸೀರೆ ತೆಗೆದಿಟ್ಟಿದ್ದಾಳಂತೆ.

ಮೊನ್ನೆ ಬೂಸ ಇಳಿಸಲು ಹೋದವನು ನಾಲೆಯ ಏರಿಯ ಮೇಲೆ ನಿಂತು ನೋಡಿದೆ. ಸಿದ್ದರಾಜು ಕುರ್ಚಿಯಲ್ಲಿ ಕೂತಿದ್ದ, ಕಾಫಿ ಮುಗಿದಿತ್ತು, ಮದ್ದೂ ಮುಗಿದಿತ್ತು. ಆದರೂ ಏಳಲಿಲ್ಲ. ಆ ತುದಿಯಲ್ಲಿ ಜವರಯ್ಯನ ಕೆಂಪು ಬಾವುಟ.

"ಕೊಸರು ಬುಡವ್ವ," ಎಂದು ಸಿದ್ದರಾಜು ಕೂಗಿದ.

ಸುನಿತಾ ರಿಮೋಟು ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬದುವಿನ ಮೇಲೆ ತೆಂಗಿನ ಸಸಿಯಂತೆ ನೆಟ್ಟಗೆ ನಿಂತಿದ್ದಳು. ಯಂತ್ರ ಬರೀ ನೀರು ತುಂಬಿಕೊಂಡು ಮೇಲೆದ್ದಿತು.